ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಿಗೆ ಸ್ನಾನ: ಹೋಮ್ ನರ್ಸ್‌ಗಳಿಗೆ ಕಲಿಸುವ ಬಗೆ

ಮನೆಗೆ ಬಂದು ಆರೈಕೆ ಮಾಡುವವರಿಗೆ ತರಬೇತಿಯನ್ನು ಮೆದುಳಿನ ಚಿತ್ರ ತೋರಿಸಿ ಶುರು ಮಾಡಬೇಡಿ, ಬಚ್ಚಲುಮನೆಯಿಂದ ಶುರು ಮಾಡಿ. ಚೀರಾಟ, ಹೊಡೆತ, ಜಾರಿಬೀಳುವುದು, ಎಲ್ಲದಕ್ಕೂ ಅವಕಾಶ ಇರುವ ಜಾಗ ಅದು.

ಮೊದಲು ಕಲಿಯುವವರನ್ನೇ ಕುರ್ಚಿಯಲ್ಲಿ ಕೂರಿಸಿ. ಏನು ಮಾಡುತ್ತೀರಿ ಎಂದು ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಿರಿ. ಹಳೆಯ ಕನ್ನಡಕದ ಗಾಜಿಗೆ ವ್ಯಾಸಲೀನ್ ಸವರಿ ಹಾಕಿಸಿ, ಕಿವಿಗೆ ಹತ್ತಿ ಇಡಿ. ಒಬ್ಬರು ಹಿಂದಿನಿಂದ ಬಂದು, ಮಾತಾಡದೆ, ತೋಳು ಹಿಡಿದು ಎಬ್ಬಿಸಲಿ. ಆಮೇಲೆ ಅದೇ ಕೆಲಸವನ್ನು ಎದುರಿನಿಂದ ಬಂದು, ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹಿಡಿದು ಕರೆದು, ಕೈ ಚಾಚಿ ಕಾಯುತ್ತಾ ಮಾಡಲಿ. ಈ ವ್ಯತ್ಯಾಸ ಮೈಗೆ ತಾಕಿದವರು "ಅಜ್ಜಿ ಹಟ ಮಾಡ್ತಾರೆ" ಎನ್ನುವ ಮುಂಚೆ ಒಮ್ಮೆ ಯೋಚಿಸುತ್ತಾರೆ. ಗುರುತೇ ಸಿಗದವರು ಬಟ್ಟೆ ಬಿಚ್ಚಲು ಬಂದರೆ ಯಾರಿಗಾದರೂ ಹೆದರಿಕೆಯೇ.

ಕರೆತರುವ ಮೊದಲೇ ಎಲ್ಲ ಸಿದ್ಧವಿರಬೇಕು: ಎರಡು ಟವೆಲ್, ಬದಲಿ ಬಟ್ಟೆ, ಸೋಪು, ಚೊಂಬು, ಕೈಯಿರುವ ಗಟ್ಟಿ ಕುರ್ಚಿ. ಅರ್ಧದಲ್ಲಿ ಟವೆಲ್ ತರಲು ಹೋದ ಆ ಒಂದು ನಿಮಿಷದಲ್ಲೇ ಅವರು ಎದ್ದು ಜಾರುತ್ತಾರೆ. ನೆಲಕ್ಕೆ ಜಾರದ ಮ್ಯಾಟ್ ಹಾಕಿ, ಆದರೆ ಕಪ್ಪು ಬಣ್ಣದ್ದು ಬೇಡ. ಅದು ಗುಂಡಿಯಂತೆ ಕಂಡು ಹೆಜ್ಜೆ ಇಡಲು ಹೆದರಬಹುದು. ಬಿಳಿ ಟೈಲ್ಸ್ ಮೇಲೆ ಬಿಳಿ ಬಕೆಟ್ ಕಾಣುವುದಿಲ್ಲ, ನೀಲಿಯೋ ಕೆಂಪೋ ಇರಲಿ. ಕನ್ನಡಿಯಲ್ಲಿ ಬೇರೆ ಯಾರೋ ನಿಂತಿದ್ದಾರೆಂದು ಗಾಬರಿಯಾಗುವವರಿದ್ದರೆ ಬಟ್ಟೆ ಮುಚ್ಚಿ. ಒಳಗಿನ ಚಿಲಕ ತೆಗೆಸಿ.

ಗೀಸರ್ ನೀರನ್ನು ನೇರ ಬಿಡದೆ ಬಕೆಟ್ಟಿನಲ್ಲಿ ಬೆರೆಸಿ. 37–38 ಡಿಗ್ರಿ ಸಾಕು. ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಾಕಿ ನೋಡಿ, ನಂತರ ಅವರ ಕೈಯನ್ನೇ ನೀರಿಗೆ ಮುಟ್ಟಿಸಿ. ಸುಡುತ್ತಿದೆ ಎಂದು ಹೇಳಲಾಗದವರು ಹೊಡೆದು ತಿಳಿಸುತ್ತಾರೆ.

ಪಾದದಿಂದ ಆರಂಭಿಸಿ ಮೇಲಕ್ಕೆ ಬನ್ನಿ. ತಲೆಗೆ ನೀರು ಸುರಿದು ಶುರು ಮಾಡುವ ನಮ್ಮ ರೂಢಿ ಇಲ್ಲಿ ಕೆಡಿಸುತ್ತದೆ: ಕಣ್ಣು ಮುಚ್ಚಿಹೋಗಿ, ಉಸಿರು ಕಟ್ಟಿದಂತಾಗಿ, ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ. ಹೆಗಲಿಂದ ತೊಡೆವರೆಗೆ ಟವೆಲ್ ಹೊದಿಸಿ, ತೊಳೆಯುವ ಭಾಗವನ್ನಷ್ಟೇ ಸರಿಸಿ. ಒಂದು ಸಲಕ್ಕೆ ಒಂದೇ ಮಾತು: "ಕೈ ಕೊಡಿ." ಹತ್ತು ಸೆಕೆಂಡ್ ಕಾಯಿರಿ. ಸೋಪನ್ನು ಅವರ ಕೈಗೇ ಕೊಟ್ಟರೆ ಎಷ್ಟೋ ಸಲ ಹಳೆಯ ಅಭ್ಯಾಸ ಕೆಲಸ ಮಾಡುತ್ತದೆ. ತಲೆಸ್ನಾನ ಬೇರೆ ದಿನ ಇಟ್ಟುಕೊಳ್ಳಬಹುದು.

ಬೇಡ ಎಂದರೆ ವಾದಿಸಬೇಡಿ. ಇಪ್ಪತ್ತು ನಿಮಿಷ ಬಿಟ್ಟು ಬೇರೆ ಮಾತಿನಿಂದ ಬನ್ನಿ. ಆಗಲೂ ಆಗದಿದ್ದರೆ ಮುಖ, ಕಂಕುಳು, ತೊಡೆಸಂದಿಯನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಆ ದಿನಕ್ಕೆ ಸಾಕು. ಪ್ರತಿದಿನ ಮೀಯಲೇಬೇಕೆಂದು ಮನೆಯವರು ಪಟ್ಟು ಹಿಡಿದರೆ ಅವರಿಗೂ ಇದನ್ನು ವಿವರಿಸುವುದು ತರಬೇತುದಾರರ ಕೆಲಸ. ಬಡಪಾಯಿ ಕೆಲಸಗಾರ್ತಿಯ ತಲೆಗೆ ಕಟ್ಟಬಾರದು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹೊರರಾಜ್ಯಗಳಿಂದ ಬರುವವರೂ ಇದ್ದಾರೆ. ಕಾಯಿಲೆ ಬಲಿತಂತೆ ಎಷ್ಟೋ ಹಿರಿಯರಿಗೆ ಆಮೇಲೆ ಕಲಿತ ಭಾಷೆ ಜಾರಿ ತಾಯಿನುಡಿ ಉಳಿಯುತ್ತದೆ. ಹಾಗಾಗಿ ಬನ್ನಿ, ಕೂತ್ಕೊಳ್ಳಿ, ನೋವಾಗ್ತಿದೆಯಾ, ಚಳಿಯಾ, ಆಯ್ತು ಎಂಬಷ್ಟು ಕನ್ನಡವನ್ನಾದರೂ ಬಾಯಿಪಾಠ ಮಾಡಿಸಿ. ಬಹುವಚನ ತಪ್ಪಬಾರದು. ಜೀವನವಿಡೀ "ಮೇಷ್ಟ್ರೇ" ಎನಿಸಿಕೊಂಡವರನ್ನು ಹಾಗೇ ಕರೆಯಲಿ.

ನಿನ್ನೆವರೆಗೆ ಒಪ್ಪುತ್ತಿದ್ದವರು ಒಂದೆರಡು ದಿನದಲ್ಲಿ ದಿಢೀರನೆ ಗೊಂದಲಗೊಂಡರೆ, ಮಂಪರಾದರೆ, ಕಾಯಿಲೆ ಹೆಚ್ಚಿತೆಂದು ಸುಮ್ಮನಿರಬಾರದು. ಮೂತ್ರದ ಸೋಂಕು, ಮಲಬದ್ಧತೆ, ಮೈಯಲ್ಲಿ ನೀರು ಕಮ್ಮಿಯಾಗಿರುವುದು, ಹೊಸ ಮಾತ್ರೆ, ಯಾವುದು ಬೇಕಾದರೂ ಕಾರಣವಿರಬಹುದು. ಅಂದೇ ಡಾಕ್ಟರಿಗೆ ತಿಳಿಸಬೇಕು. ನಿದ್ದೆಮಾತ್ರೆ ತಾವಾಗಿ ಕೊಡುವಂತಿಲ್ಲ. ಬಟ್ಟೆ ಬಿಚ್ಚುವಾಗ ಬೆನ್ನು, ಹಿಮ್ಮಡಿ, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ ನೋಡಿ ಪುಸ್ತಕದಲ್ಲಿ ಬರೆದಿಡುವುದನ್ನು ಕಲಿಸಿ.

ಒಂಟಿಯಾಗಿ ಬಿಡುವ ಮೊದಲು ಅದೇ ಮನೆಯಲ್ಲಿ ಕನಿಷ್ಠ ಮೂರು ಸ್ನಾನ ನಿಮ್ಮ ಕಣ್ಣೆದುರು ಆಗಲಿ. ಸ್ವಚ್ಛತೆಯ ಜೊತೆಗೆ ಎಷ್ಟು ಸಲ ನಿಂತು ಕಾದರು ಎಂಬುದಕ್ಕೂ ಅಂಕ ಕೊಡಿ. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿಯಲ್ಲಿ ರಾತ್ರಿ ಮೂರು ಸಲ ಎದ್ದವರಿಗೆ ಬೆಳಗ್ಗೆ ಆ ತಾಳ್ಮೆ ಇರುವುದಿಲ್ಲ. ಅವರು ಮಲಗುವ ಹೊತ್ತನ್ನು ಮನೆಯವರೊಡನೆ ಮೊದಲ ದಿನವೇ ಮಾತಾಡಿ ನಿಗದಿ ಮಾಡಿ.