ಹೆಬ್ಬೆರಳ ಬುಡದ ನೋವು: ನನ್ನ ಅನುಭವ

ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ನನ್ನ ಎಡಗೈಯಲ್ಲಿ ನೋವು ಕಾಣಿಸಿಕೊಂಡಿತು. ಹೆಬ್ಬೆರಳಿನಿಂದ ಮೇಲಕ್ಕೆ ಸವರುತ್ತ ಬಂದರೆ ಮಣಿಕಟ್ಟಿನ ಬದಿಯಲ್ಲಿ ಒಂದು ಉಬ್ಬು ಮೂಳೆ ಸಿಗುತ್ತದಲ್ಲ, ಸರಿಯಾಗಿ ಅಲ್ಲಿ. ಉಳುಕಿರಬೇಕೆಂದು ಸುಮ್ಮನಾದೆ. ಎರಡು ವಾರ ಕಳೆಯುವಷ್ಟರಲ್ಲಿ ಒದ್ದೆ ಬಟ್ಟೆ ಹಿಂಡಲೂ ಆಗದಂತಾಯಿತು. ನಾನು ಫಿಸಿಯೋಥೆರಪಿಸ್ಟ್, ಇಂಥ ಕೈಗಳಿಗೆ ಎಷ್ಟೋ ಸಲ ಚಿಕಿತ್ಸೆ ಕೊಟ್ಟಿದ್ದೇನೆ. ಆದರೂ ನನ್ನ ಕೈಗೆ ಬಂದದ್ದು ಡಿ ಕ್ವೆರ್ವೇನ್ ಎಂಬ ಹೆಬ್ಬೆರಳ ರಜ್ಜುಗಳ ತೊಂದರೆ ಎಂದು ಒಪ್ಪಿಕೊಳ್ಳಲು ತಡಮಾಡಿದೆ.

1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರಚಿಕಿತ್ಸಕನ ಹೆಸರೇ ಈ ತೊಂದರೆಗೂ ಉಳಿದಿದೆ. ಹೆಬ್ಬೆರಳನ್ನು ಅಗಲಿಸುವ ಮತ್ತು ನೆಟ್ಟಗೆ ಮಾಡುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಆ ಉಬ್ಬು ಮೂಳೆಯ ಮೇಲೆ ಒಂದು ಇಕ್ಕಟ್ಟಾದ ಸುರಂಗದಲ್ಲಿ ಸಾಗುತ್ತವೆ. ಕೆಳಗೆ ಮೂಳೆಯ ತೋಡು, ಮೇಲೆ ಗಟ್ಟಿ ಪಟ್ಟಿ. ಪಟ್ಟಿ ದಪ್ಪಗಾದರೆ ರಜ್ಜುಗಳಿಗೆ ಜಾರಲು ಜಾಗ ಸಾಲದು. ಉರಿಯೂತವೆಂದು ಹೇಳುವ ರೂಢಿಯಿದೆ. ಆದರೆ ದೀರ್ಘಕಾಲದ ನೋವಿನಲ್ಲಿ ಮುಖ್ಯವಾಗಿ ಕಾಣುವುದು ಈ ದಪ್ಪಗಾಗುವಿಕೆಯೇ. ನಾಲ್ಕು ದಿನ ಮಾತ್ರೆ ನುಂಗಿದರೆ ಅದು ಕರಗುವುದಿಲ್ಲ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿದರೆ ಜೀವ ಹೋದಂತಾಗುತ್ತದೆ. ಈ ಪರೀಕ್ಷೆ ಆರೋಗ್ಯವಂತ ಕೈಯನ್ನೂ ಸ್ವಲ್ಪ ನೋಯಿಸುತ್ತದೆ, ಆದ್ದರಿಂದ ಇನ್ನೊಂದು ಕೈಯೊಡನೆ ಹೋಲಿಸಬೇಕು. ನಾನು ಕಡಿಮೆಯಾಯಿತೇ ಎಂದು ನೋಡಲು ದಿನಕ್ಕೆ ಹತ್ತು ಸಲ ಬಾಗಿಸುತ್ತಿದ್ದೆ. ಪ್ರತಿ ಸಲವೂ ಕೆರಳುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಬಿದ್ದು ಕೈ ಊರಿದ ಮೇಲೆ ನೋವು ಬಂದಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ. ಹೆಬ್ಬೆರಳ ಬುಡದಲ್ಲಿರುವ ಸಣ್ಣ ಮೂಳೆಯ ಬಿರುಕು ಕೂಡ ಹೀಗೆಯೇ ನೋಯುತ್ತದೆ.

ಕಾರಣ ನನ್ನ ಕೈಯಲ್ಲೇ ಇತ್ತು. ಮಗುವಿನ ಕಂಕುಳಿಗೆ ಎರಡೂ ಹೆಬ್ಬೆರಳು ಅಗಲಿಸಿ ಕೊಟ್ಟು ಎತ್ತುತ್ತಿದ್ದೆ. ಆ ಕ್ಷಣದಲ್ಲಿ ಮಣಿಕಟ್ಟು ಬಾಗಿ, ಇಡೀ ಭಾರ ಆ ಎರಡು ರಜ್ಜುಗಳ ಮೇಲೆ ಬೀಳುತ್ತದೆ. ದಿನಕ್ಕೆ ಎಷ್ಟು ಸಲ ಎತ್ತುತ್ತೇವೆಂದು ಯಾವ ತಾಯಿ ಲೆಕ್ಕ ಇಡುತ್ತಾಳೆ? ಅಂಗೈ ಮೇಲಾಗಿಸಿ ಒಂದು ಕೈಯನ್ನು ಕತ್ತಿನ ಕೆಳಗೆ, ಇನ್ನೊಂದನ್ನು ಕುಂಡೆಯ ಕೆಳಗೆ ತೂರಿಸಿ, ಮೊಣಕೈಯಿಂದ ಎತ್ತುವುದನ್ನು ರೂಢಿಸಿಕೊಂಡೆ. ಹಾಲೂಡಿಸುವಾಗ ದಿಂಬು ಇಟ್ಟುಕೊಂಡೆ. ನನ್ನ ಮಟ್ಟಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಬದಲಾವಣೆ.

ಮೊದಲು ಕಟ್ಟಿದ್ದ ಎಲಾಸ್ಟಿಕ್ ಪಟ್ಟಿ ಮಣಿಕಟ್ಟನ್ನಷ್ಟೇ ಹಿಡಿಯುತ್ತಿತ್ತು, ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ದುಡಿಯುತ್ತಲೇ ಇತ್ತು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ ಹಾಕಿದ ಮೇಲೆಯೇ ರಾತ್ರಿ ನಿದ್ದೆ ಬಂದದ್ದು. ಮೂರು ವಾರ ಹಾಕಿದೆ, ನಡುನಡುವೆ ಬಿಚ್ಚಿ ಬೆರಳನ್ನು ನಿಧಾನವಾಗಿ ಆಡಿಸುತ್ತಿದ್ದೆ. ಆಮೇಲೆ ವ್ಯಾಯಾಮ: ಬಲಗೈ ಬೆರಳುಗಳನ್ನು ಅಡ್ಡ ಹಿಡಿದು ಎಡ ಹೆಬ್ಬೆರಳನ್ನು ಅದರ ವಿರುದ್ಧ ಮೆತ್ತಗೆ ಒತ್ತಿ, 30 ಸೆಕೆಂಡು ಹಾಗೇ ಹಿಡಿಯುವುದು. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಒತ್ತಡ ಇಳಿಸುತ್ತಿದ್ದೆ. ನೋವಿರುವ ಜಾಗವನ್ನು ಗಟ್ಟಿಯಾಗಿ ತಿಕ್ಕಿ ಮಾಲೀಸು ಮಾಡಿದ ಎರಡು ದಿನ ಮಾತ್ರ ಹಿಂದಕ್ಕೆ ಹೋದಂತಾಯಿತು.

ಇಷ್ಟಾದರೂ ನೋವು ಬಗ್ಗದವರಿಗೆ ಸುರಂಗದೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಇದೆ, ಅನೇಕರಿಗೆ ಒಂದರಲ್ಲೇ ಗುಣ ಕಾಣುತ್ತದೆ. ಚರ್ಮ ಅಲ್ಲಿ ಬಿಳುಪಾಗಬಹುದು, ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರಬಹುದು. ಕೆಲವರ ಸುರಂಗದಲ್ಲಿ ನಡುವೆ ಗೋಡೆಯಿದ್ದು ಒಂದು ರಜ್ಜುವಿಗೆ ಮದ್ದು ತಲುಪುವುದೇ ಇಲ್ಲ. ಅಂಥವರಿಗೆ ಪಟ್ಟಿಯನ್ನು ಸೀಳುವ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನನಗೆ ಅದು ಬೇಕಾಗಲಿಲ್ಲ. ಐದನೆಯ ತಿಂಗಳಿಗೆ ಎರಡೂ ಕೈಯಿಂದ ಮಗುವಿನ ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿದೆ. ಈಗ ಅವಳು ತೋಳು ಚಾಚಿ ನಿಂತರೆ ನಾನು ಬಗ್ಗಿ, ಅಂಗೈಗಳನ್ನು ಕೆಳಗಿನಿಂದ ತೂರಿಸಿಯೇ ಎತ್ತಿಕೊಳ್ಳುತ್ತೇನೆ.