ಬ್ರಾಯ್ಲರ್ ಕೋಳಿಗೆ ಸ್ಪಿರುಲಿನಾ: ಬೆಳೆಸುವುದು ಹೇಗೆ, ಬೆರೆಸುವುದು ಎಷ್ಟು?

ಪಾಚಿ ಅಂದ ತಕ್ಷಣ ಊರ ಕೆರೆಯ ಹಸಿರನ್ನು ಬಾಚಿ ತಂದು ಕೋಳಿಗೆ ಹಾಕಬೇಡಿ. ಕೊಳಚೆ ಸೇರಿದ ನೀರಲ್ಲಿ ಬೆಳೆಯುವ ಮೈಕ್ರೋಸಿಸ್ಟಿಸ್‌ನಂಥ ಪಾಚಿ ಲಿವರ್‌ಗೆ ವಿಷ. ನಮಗೆ ಬೇಕಾದದ್ದು ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ. ಅದರ ಒಣಪುಡಿಯಲ್ಲಿ ಶೇ 55ರಿಂದ 65ರಷ್ಟು ಪ್ರೋಟೀನ್ ಇರುತ್ತದೆ. ಹಾಗಂತ ಸೋಯಾ ಹಿಂಡಿ ಬಿಟ್ಟು ಇದನ್ನೇ ಹಾಕಲು ಹೋದರೆ ಖರ್ಚು ತಡೆಯುವುದಿಲ್ಲ. ಅಡುಗೆಗೆ ಒಗ್ಗರಣೆ ಇದ್ದ ಹಾಗೆ, ಸ್ವಲ್ಪ ಸಾಕು.

ನೂರು ಕೋಳಿಯ ಲೆಕ್ಕ ಹಿಡಿಯೋಣ. ಆರು ವಾರಕ್ಕೆ ಸುಮಾರು 350 ಕೆಜಿ ಫೀಡ್ ಬೇಕು. 100 ಕೆಜಿಗೆ ಅರ್ಧ ಕೆಜಿಯಂತೆ ಸೇರಿಸಿದರೆ ಬೇಕಾಗುವ ಪುಡಿ ಪೌಣೆರಡು ಕೆಜಿ. ಒಂಬತ್ತು ಅಡಿ ಉದ್ದ, ಆರು ಅಡಿ ಅಗಲದ ಟಾರ್ಪಾಲಿನ್ ತೊಟ್ಟಿಯಲ್ಲಿ ದಿನಕ್ಕೆ 30ರಿಂದ 40 ಗ್ರಾಂ ಸಿಗುತ್ತದೆ. ಅಂದರೆ ಮರಿ ತರುವ ಎರಡು–ಮೂರು ತಿಂಗಳ ಮೊದಲೇ ತೊಟ್ಟಿ ಸಿದ್ಧವಾಗಬೇಕು.

ತೊಟ್ಟಿಗೆ ಎಂಟು ಇಂಚು ನೀರು ನಿಲ್ಲಿಸಿ. ಸುಮಾರು ಸಾವಿರ ಲೀಟರ್ ಆಗುತ್ತದೆ. ಅದಕ್ಕೆ 8 ಕೆಜಿ ಅಡುಗೆ ಸೋಡಾ, 5 ಕೆಜಿ ಉಪ್ಪು, 2 ಕೆಜಿ 13:0:45 ಗೊಬ್ಬರ (ಪೊಟ್ಯಾಸಿಯಂ ನೈಟ್ರೇಟ್), 1 ಕೆಜಿ 0:0:50 (ಪೊಟ್ಯಾಸಿಯಂ ಸಲ್ಫೇಟ್), 100 ಗ್ರಾಂ 12:61:0 (ಮೋನೋ ಅಮೋನಿಯಂ ಫಾಸ್ಫೇಟ್), 150 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಚಿಟಿಕೆ ಕಬ್ಬಿಣದ ಚೀಲೇಟ್ (ನೀರಲ್ಲಿ ಕರಗುವ ಕಬ್ಬಿಣದ ಗೊಬ್ಬರ) ಹಾಕಿ. ಸೋಡಾದಿಂದ ನೀರು ಕ್ಷಾರವಾಗುತ್ತದೆ. ಬೇರೆ ಪಾಚಿ ಅದರಲ್ಲಿ ಸುಲಭವಾಗಿ ಬದುಕುವುದಿಲ್ಲ, ಸ್ಪಿರುಲಿನಾಗೆ ಅದೇ ಇಷ್ಟ. ಕಲ್ಚರನ್ನು, ಅಂದರೆ ಬೀಜವಾಗಿ ಹಾಕುವ ಜೀವಂತ ಸ್ಪಿರುಲಿನಾವನ್ನು, ನಂಬಿಕೆಯ ಕಡೆಯಿಂದಲೇ ತನ್ನಿ. ಒಂದೇ ಸಲ ಇಡೀ ತೊಟ್ಟಿಗೆ ಸುರಿಯದೆ, ಬಕೆಟ್‌ನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ತೊಟ್ಟಿಗೆ ಹಂತಹಂತವಾಗಿ ಬೆಳೆಸಿ. ಮೇಲೆ ನೆರಳುಬಲೆ ಇರಲಿ. ದಿನಕ್ಕೆ ನಾಲ್ಕೈದು ಸಲ ಪೊರಕೆಯಿಂದ ಮೆಲ್ಲಗೆ ಕಲಕಿ.

ಕೋಲಿನ ತುದಿಗೆ ಬಿಳಿ ಮುಚ್ಚಳ ಕಟ್ಟಿ ಒಂದು ಇಂಚು ಮುಳುಗಿಸಿ. ಕಾಣದಿದ್ದರೆ ಕೊಯ್ಲಿನ ಹೊತ್ತು. ಬೆಳಿಗ್ಗೆ ಸಣ್ಣ ಕಣ್ಣಿನ ಪಾಲಿಯೆಸ್ಟರ್ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಇಲ್ಲಿ ಮಾತ್ರ ಅವಸರ ಬೇಡ. ಸೋಡಾ, ಉಪ್ಪು ಉಳಿದರೆ ಕೋಳಿ ಜಾಸ್ತಿ ನೀರು ಕುಡಿಯುತ್ತದೆ, ಹಿಕ್ಕೆ ತೆಳುವಾಗುತ್ತದೆ, ಲಿಟರ್ (ಶೆಡ್ಡಿನ ನೆಲದ ಹಾಸು) ಒದ್ದೆಯಾಗಿ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ನೀರು ಹಿಂಡಿ, ಚಕ್ಕುಲಿ ಒರಳಿಗೆ ಸೇವಿನ ಬಿಲ್ಲೆ ಹಾಕಿ ಎಳೆಎಳೆಯಾಗಿ ಒತ್ತಿ, ನೆರಳಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಮುರಿದರೆ ಚಟ್ ಅನ್ನಬೇಕು. ಪುಡಿ ಮಾಡಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ.

ಬೆರೆಸುವಾಗ ಅರ್ಧ ಕೆಜಿ ಪುಡಿಯನ್ನು ಮೊದಲು 5 ಕೆಜಿ ಮ್ಯಾಶ್ ಫೀಡ್‌ಗೆ (ಪುಡಿ ಮೇವು) ಕಲಸಿ, ಆಮೇಲೆ ಅದನ್ನು ಉಳಿದ 95 ಕೆಜಿಗೆ ಸೇರಿಸಿ. ಪೆಲೆಟ್‌ಗೆ (ಗುಳಿಗೆ ಮೇವು) ಸುಮ್ನೆ ಉದುರಿಸಿದರೆ ಪುಡಿಯೆಲ್ಲ ತಳ ಸೇರುತ್ತದೆ. ಶೇ 1 ದಾಟುವುದು ಬೇಡ. ಶೇ 15ರಷ್ಟು ಕೊಟ್ಟ ಪ್ರಯೋಗಗಳಲ್ಲಿ ಕರುಳಲ್ಲಿ ಮೇವು ಅಂಟಂಟಾಗಿ ಬೆಳವಣಿಗೆಯೇ ಕುಗ್ಗಿದ್ದೂ ಉಂಟು.

ಮೊದಲ ಬ್ಯಾಚಿನಲ್ಲಿ ಅರ್ಧ ಮರಿಗಳಿಗೆ ಮಾತ್ರ ಕೊಡಿ. ಎರಡೂ ಗುಂಪಿನಿಂದ ವಾರಕ್ಕೊಮ್ಮೆ ಹತ್ತತ್ತು ಕೋಳಿ ತೂಗಿ ಬರೆದಿಡಿ. ತೂಕದಲ್ಲಿ ವ್ಯತ್ಯಾಸ ಬರದೆಯೂ ಇರಬಹುದು. ಬಣ್ಣದಲ್ಲಿ ಕಾಣಬಹುದು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 1990ರ ದಶಕದಲ್ಲೇ ಬ್ರಾಯ್ಲರ್‌ಗೆ ಸ್ಪಿರುಲಿನಾ ಕೊಟ್ಟು ನೋಡಿದಾಗ ಮಾಂಸದ ಬಣ್ಣ ಗಾಢವಾಗಿತ್ತು. ಮಾಂಸ ಹಳದಿಯಾದರೆ ಕೊಳ್ಳುವವರು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಮೇವಿನಿಂದ ಬಂದದ್ದು ಅಂತ ಮೊದಲೇ ಹೇಳಿಬಿಡಿ.