ಬಿಪಿ ಮಾತ್ರೆಯ ಜೊತೆಗೆ ಗಿಡಮೂಲಿಕೆ: ಸೇವಿಸುವ ಮುನ್ನ ಪರಿಶೀಲಿಸುವ ಕ್ರಮ

ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವವರಲ್ಲಿ ಅನೇಕರು ಅದರ ಜೊತೆಗೆ ಯಾವುದಾದರೊಂದು ಗಿಡಮೂಲಿಕೆಯ ಪುಡಿಯನ್ನೋ ಕ್ಯಾಪ್ಸೂಲನ್ನೋ ಸೇವಿಸುತ್ತಿರುತ್ತಾರೆ. ಆದರೆ ವೈದ್ಯರು ಬೇರೆ ಯಾವ ಔಷಧಿ ನಡೆಯುತ್ತಿದೆ ಎಂದು ಕೇಳಿದಾಗ ಅದರ ಹೆಸರು ಬಾಯಿಗೆ ಬರುವುದಿಲ್ಲ. ಮುಚ್ಚಿಡುವ ಉದ್ದೇಶ ಅವರಿಗಿರುವುದಿಲ್ಲ, ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಮೂಲಿಕೆಯೂ ಔಷಧಿಯೇ ಎಂಬುದಕ್ಕೆ ಸರ್ಪಗಂಧವೊಂದೇ ಸಾಕು. ಅದರ ಬೇರು ರಕ್ತದೊತ್ತಡವನ್ನು ಇಳಿಸುವುದನ್ನು ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು, 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು, ಮುಂದೆ ಅದೇ ಬಿಪಿಯ ಮಾತ್ರೆಯಾಯಿತು. ನರತುದಿಗಳಲ್ಲಿ ಕೂಡಿಟ್ಟ, ರಕ್ತನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬರಿದುಮಾಡಿ ಒತ್ತಡ ಇಳಿಸುವ ಈ ವಸ್ತು ಮೂಗು ಕಟ್ಟಿಸುತ್ತದೆ, ನಾಡಿಯನ್ನು ನಿಧಾನಗೊಳಿಸುತ್ತದೆ, ಕೆಲವರನ್ನು ಖಿನ್ನತೆಗೂ ತಳ್ಳುತ್ತದೆ. ಗುಣ ಮಾಡುವ ಶಕ್ತಿ ಇರುವಲ್ಲಿ ತೊಂದರೆ ಕೊಡುವ ಶಕ್ತಿಯೂ ಇರುತ್ತದೆ ಎಂದು ಒಪ್ಪಿಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಮೊದಲ ಕೆಲಸ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು. ಮುಂಬದಿಯಲ್ಲಿರುವ ‘ಸಂಪೂರ್ಣ ನೈಸರ್ಗಿಕ’ ಎಂಬ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಗಿಡದ ಶಾಸ್ತ್ರೀಯ ಹೆಸರು, ಅದರ ಯಾವ ಭಾಗ ಬಳಕೆಯಾಗಿದೆ ಎಂಬುದು ಮತ್ತು ಒಂದು ಕ್ಯಾಪ್ಸೂಲಿನಲ್ಲಿರುವ ಪ್ರಮಾಣ. ‘10:1 ಸಾರ, 500 ಮಿಲಿಗ್ರಾಂ’ ಎಂದಿದ್ದರೆ ಆ ಒಂದು ಕ್ಯಾಪ್ಸೂಲು ಸುಮಾರು 5 ಗ್ರಾಂ ಒಣ ಮೂಲಿಕೆಯಿಂದ ತೆಗೆದದ್ದು ಎಂದರ್ಥ, ಆದ್ದರಿಂದ ಅದನ್ನು ಚಿಟಿಕೆ ಪುಡಿಯೊಂದಿಗೆ ಹೋಲಿಸಬಾರದು. ಹಲವು ಮೂಲಿಕೆಗಳನ್ನು ಬೆರೆಸಿ ಒಟ್ಟು ತೂಕವನ್ನಷ್ಟೇ ನಮೂದಿಸಿರುವ ಮಿಶ್ರಣವನ್ನು ಬಿಪಿ ಇರುವವರು ಬಿಟ್ಟುಬಿಡುವುದೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ನೀರಿನಲ್ಲಿ ನೊರೆಯೆದ್ದು ಕರಗುವ ಮಾತ್ರೆಯಾದರೆ ಸೋಡಿಯಂ ಎಷ್ಟಿದೆ ಎಂದೂ ನೋಡಬೇಕು, ಏಕೆಂದರೆ ಅಂಥ ಒಂದೇ ಮಾತ್ರೆಯಲ್ಲಿ ಕೆಲವೊಮ್ಮೆ ನೂರಾರು ಮಿಲಿಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳಿರುವ ಮಿತಿಯೇ 2,000 ಮಿಲಿಗ್ರಾಂ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ಹೆಸರು ಗ್ಲಿಸಿರೈಜಾ ಗ್ಲಾಬ್ರಾ, ಅಂದರೆ ಜ್ಯೇಷ್ಠಮಧು ಅಥವಾ ಅತಿಮಧುರ. ಕೆಮ್ಮಿನ ಸಿರಪ್ಪು, ಗಂಟಲಿನ ಗುಳಿಗೆ, ಹೊಟ್ಟೆಯುರಿಯ ಪುಡಿ, ಗಿಡಮೂಲಿಕೆಯ ಚಹಾ ಹೀಗೆ ನಾವು ಅನುಮಾನಿಸದ ಕಡೆಗಳಲ್ಲೆಲ್ಲ ಅದು ಸೇರಿಕೊಂಡಿರುತ್ತದೆ. ನಮ್ಮ ದೇಹದಲ್ಲಿರುವ ಕಾರ್ಟಿಸೋಲ್ ಹಾರ್ಮೋನನ್ನು ಮೂತ್ರಪಿಂಡದ ಒಂದು ಕಿಣ್ವ ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತಿರುತ್ತದೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಆ ಕಿಣ್ವವನ್ನು ತಡೆಯುವುದರಿಂದ ಕಾರ್ಟಿಸೋಲ್ ಉಳಿದುಕೊಂಡು, ಉಪ್ಪನ್ನು ದೇಹದಲ್ಲಿ ಹಿಡಿದಿಡುವ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಮಾಡುವ ಕೆಲಸವನ್ನು ತಾನು ಮಾಡತೊಡಗುತ್ತದೆ. ಆಗ ದೇಹದಲ್ಲಿ ಉಪ್ಪು ಮತ್ತು ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುತ್ತದೆ, ಒತ್ತಡ ಏರುತ್ತದೆ. ಸ್ನಾಯುಗಳಲ್ಲಿ ನಿಶ್ಶಕ್ತಿ, ಕಾಲುಗಳಲ್ಲಿ ಬಾವು, ಎದೆಬಡಿತದಲ್ಲಿ ಏರುಪೇರು ಕಂಡರೆ ಇದನ್ನು ನೆನೆಯಬೇಕು. ಮೂತ್ರವರ್ಧಕ ಮಾತ್ರೆ ಅಥವಾ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ಸೇವನೆ ನಿಲ್ಲಿಸಿದ ಮೇಲೂ ಪರಿಣಾಮ ಕೆಲವು ವಾರ ಉಳಿಯಬಹುದಾದ್ದರಿಂದ ನಾಲ್ಕೇ ದಿನ ಬಿಟ್ಟು ನೋಡಿ ‘ಇದರಿಂದಲ್ಲ’ ಎಂಬ ತೀರ್ಮಾನಕ್ಕೆ ಬರಬಾರದು.

ಒತ್ತಡ ಏರಿಸುವ ಇತರ ಹೆಸರುಗಳು ಎಫಿಡ್ರಾ, ಯೋಹಿಂಬೆ, ಕಹಿ ಕಿತ್ತಳೆ ಮತ್ತು ಕೆಫೀನ್ ತುಂಬಿದ ಗುವಾರಾನಾ. ತೂಕ ಇಳಿಸುವ ಮತ್ತು ‘ಶಕ್ತಿ’ ತುಂಬುವ ಡಬ್ಬಿಗಳಲ್ಲಿ ಇವು ಹೆಚ್ಚು. ಎಫಿಡ್ರಾ ಇರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು.

ಬೆಳ್ಳುಳ್ಳಿಯ ಸಾರ ಮತ್ತು ಕೆಂಪು ಪುಂಡಿಯ ಹೂವಿನ ಕಷಾಯ ಒತ್ತಡವನ್ನು ತುಸು ಇಳಿಸುತ್ತವೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಆದರೆ ಅದು ಮಾತ್ರೆಯ ಜಾಗ ತುಂಬುವಷ್ಟಿಲ್ಲ, ಮತ್ತು ಮಾತ್ರೆಯ ಜೊತೆ ಕೂಡಿದಾಗ ಕೆಲವರಿಗೆ ಕುಳಿತಲ್ಲಿಂದ ಎದ್ದೊಡನೆ ಕಣ್ಣು ಕತ್ತಲೆಗಟ್ಟಬಹುದು. ಖಿನ್ನತೆಗೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ತಾನಾಗಿ ಒತ್ತಡ ಏರಿಸದಿದ್ದರೂ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ನಿಫೆಡಿಪಿನ್, ವೆರಾಪಮಿಲ್‌ನಂಥ ಬಿಪಿ ಮಾತ್ರೆಗಳನ್ನು ದೇಹ ಬೇಗ ಕಳೆದುಕೊಳ್ಳುವಂತೆ ಮಾಡುತ್ತದೆ; ರೋಗಿ ತಪ್ಪದೆ ಮಾತ್ರೆ ನುಂಗುತ್ತಲೇ ಇದ್ದರೂ ಒತ್ತಡ ಹತೋಟಿ ತಪ್ಪುತ್ತದೆ. ದೇಹದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುವ ಎನಲಾಪ್ರಿಲ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ತೆಗೆದುಕೊಳ್ಳುವವರು ಪೊಟ್ಯಾಸಿಯಂ ಹೆಚ್ಚಿರುವ ನೋನಿ ಹಣ್ಣಿನ ರಸದಂಥವುಗಳಿಂದ ದೂರವಿರಬೇಕು.

ಇಷ್ಟನ್ನು ನೋಡಿದ ಮೇಲೆ ಡಬ್ಬಿಯನ್ನೇ ಹಿಡಿದು ವೈದ್ಯರ ಅಥವಾ ಔಷಧ ತಜ್ಞರ ಬಳಿ ಹೋಗಿ. ಹೆಸರು ನೆನಪಿಟ್ಟು ಹೇಳಲು ಹೊರಟರೆ ಅರ್ಧ ತಪ್ಪುತ್ತದೆ. ಅವರು ಒಪ್ಪಿದರೆ, ಆರಂಭಿಸುವ ಮೊದಲು ಏಳು ದಿನ ಮನೆಯಲ್ಲೇ ಬಿಪಿ ಅಳೆದು ಪುಸ್ತಕವೊಂದರಲ್ಲಿ ಬರೆದಿಡಿ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಧೂಮಪಾನ, ವ್ಯಾಯಾಮ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ತೋಳಿನ ಪಟ್ಟಿ ಬಟ್ಟೆಯ ಮೇಲಲ್ಲದೆ ಬರಿಯ ತೋಳಿಗೆ, ಹೃದಯದ ಮಟ್ಟದಲ್ಲಿರಲಿ. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ, ಪ್ರತಿ ಸಲ ಒಂದು ನಿಮಿಷದ ಅಂತರದಲ್ಲಿ ಎರಡು ಅಳತೆ ತೆಗೆದು, ಮೊದಲ ದಿನದವನ್ನು ಬಿಟ್ಟು ಉಳಿದವುಗಳ ಸರಾಸರಿ ಹಿಡಿಯಿರಿ. ಸಾಮಾನ್ಯವಾಗಿ ಮನೆಯ ಸರಾಸರಿ 135/85 ಮುಟ್ಟಿದರೆ ಅದು ಏರಿದ ರಕ್ತದೊತ್ತಡವೇ.

ಬಳಿಕ ಒಂದು ಸಲಕ್ಕೆ ಒಂದೇ ಪೂರಕವನ್ನು ಆರಂಭಿಸಿ, ಅದೇ ಪುಸ್ತಕದಲ್ಲಿ ದಿನಾಂಕ, ಪ್ರಮಾಣ ಬರೆದು, ಅದೇ ಕ್ರಮದಲ್ಲಿ ಅಳೆಯುತ್ತಾ ಹೋಗಿ. ಎರಡನ್ನು ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗದು. ಅಳತೆ ಇಳಿಯಿತೆಂದು ವೈದ್ಯರು ಬರೆದ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ: ಕ್ಲೊನಿಡಿನ್ ಥಟ್ಟನೆ ನಿಂತರೆ ಒತ್ತಡ ಮೊದಲಿಗಿಂತ ಮೇಲಕ್ಕೆ ಜಿಗಿಯಬಹುದು, ಬೀಟಾ ಬ್ಲಾಕರ್ ಥಟ್ಟನೆ ನಿಂತರೆ ಹೃದಯಕ್ಕೇ ಪೆಟ್ಟು ಬೀಳಬಹುದು. ಅಳತೆ 180/120 ದಾಟಿ ಅದರೊಂದಿಗೆ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಒಂದು ಬದಿಯ ನಿಶ್ಶಕ್ತಿ ಕಂಡರೆ ಮತ್ತೆ ಮತ್ತೆ ಅಳೆಯುತ್ತಾ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಈ ಪುಸ್ತಕವನ್ನು ಅರಿವಳಿಕೆ ತಜ್ಞರಿಗೆ ವಾರಗಳ ಮೊದಲೇ ತೋರಿಸಿ, ಏಕೆಂದರೆ ಬೆಳ್ಳುಳ್ಳಿ ಮತ್ತು ಜಿನ್ಸೆಂಗ್ ಪೂರಕಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲವಾದ್ದರಿಂದ ಅವುಗಳನ್ನು ಕನಿಷ್ಠ ಏಳು ದಿನ ಮೊದಲು ನಿಲ್ಲಿಸಲು ಸಾಮಾನ್ಯವಾಗಿ ಹೇಳುತ್ತಾರೆ.